ಒಂದೇ ಮಸಾಲೆ, ಎರಡು ಪಾತ್ರೆ: ಊಟಕ್ಕೆ ತಕರಾರು ಮಾಡುವ ಮನೆಗೆ ಮೀನು ಮತ್ತು ತರಕಾರಿ ಅಡುಗೆ

ನನ್ನ ಮಗ ಸಾರಿನಲ್ಲಿರುವ ಸಾಸಿವೆ ಕಾಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಅಂಟಿಸುತ್ತಿದ್ದ. ಮಗಳ ಅನ್ನಕ್ಕೆ ಪಲ್ಯ ತಾಗಬಾರದು, ತಾಗಿದರೆ ಆ ಅನ್ನವನ್ನು ಅವಳು ಮತ್ತೆ ಮುಟ್ಟುವುದಿಲ್ಲ. ಯಜಮಾನರಿಗೆ ಮೀನಿಲ್ಲದಿದ್ದರೆ ಭಾನುವಾರ ಬಂದ ಹಾಗೇ ಆಗುವುದಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಮೀನು ಬಿಟ್ಟಿದ್ದಾರೆ. ಸೋಮವಾರ, ಸಂಕಷ್ಟಿಗಳಂದು ಅವರಿಗೆ ಈರುಳ್ಳಿ, ಬೆಳ್ಳುಳ್ಳಿಯೂ ಆಗದು. ಇಷ್ಟು ಜನಕ್ಕೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ, ಎರಡು ಬರ್ನರಿನ ಒಲೆ.

ಸಂಜೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಬಂದು ನಾಲ್ಕು ಜನಕ್ಕೆ ನಾಲ್ಕು ಬಗೆ ಮಾಡುತ್ತಿದ್ದ ಕಾಲವಿತ್ತು. ಅತ್ತೆ ನೋಡಲಾರದೆ, "ಇಷ್ಟೆಲ್ಲ ಮಾಡ್ಬೇಡ ಹೆಣೆ, ನಂಗ್ ಗಂಜಿ ಉಪ್ಪಿನ್ಕಾಯ್ ಸಾಕ್" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಮನೆಯ ಹಿರಿಯರು ಗಂಜಿ ಉಂಡು ಏಳಬೇಕು, ಪಕ್ಕದಲ್ಲೇ ನಾವು ಮೀನು ಚಪ್ಪರಿಸಬೇಕು ಎಂದರೆ ಆ ಊಟ ಮೈಗೆ ಹತ್ತುವುದಿಲ್ಲ. ಕೊನೆಗೆ ನಾನು ಹಿಡಿದ ದಾರಿ ಇದು: ರುಬ್ಬುವ ಮಸಾಲೆ ಒಂದೇ, ಅದು ಬೇಯುವ ಪಾತ್ರೆ ಎರಡು. ಒಂದರಲ್ಲಿ ಮೀನು, ಇನ್ನೊಂದರಲ್ಲಿ ತರಕಾರಿ. ಮೂರನೆಯ ಬಗೆ ಇಲ್ಲವೇ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಪಂಗಡಗಳಿದ್ದರೆ ಇದನ್ನು ಮಾಡಿ ನೋಡಿ.

ಮೊದಲು, "ಬೇಡ" ಅಂದರೆ ಏನು ಬೇಡ?

ಅಡುಗೆ ಬದಲಿಸುವ ಮೊದಲು ಒಂದು ವಾರ ಸುಮ್ಮನೆ ಗಮನಿಸಿ. ಯಾರು ಯಾವುದನ್ನು ತಟ್ಟೆಯಲ್ಲಿ ಬಿಟ್ಟರು ಎನ್ನುವುದನ್ನು ಕ್ಯಾಲೆಂಡರಿನ ಮೂಲೆಯಲ್ಲೋ ಫೋನಿನಲ್ಲೋ ಬರೆದಿಡಿ. "ಮೀನು ಬೇಡ" ಎನ್ನುವ ಮಗುವಿಗೆ ಮೀನೇ ಬೇಡ ಎಂದೇನೂ ಇಲ್ಲ. ವಾಸನೆ ಬೇಡವಿರಬಹುದು, ಮುಳ್ಳಿನ ಹೆದರಿಕೆ ಇರಬಹುದು, ಮೆತ್ತಗಿನ ಚರ್ಮ ನಾಲಗೆಗೆ ತಾಗಿದರೆ ಆಗದಿರಬಹುದು, ಖಾರ ತಡೆಯದಿರಬಹುದು. ನಮ್ಮ ಹುಡುಗ ಎರಡು ವರ್ಷ ಮೀನು ಮುಟ್ಟಿರಲಿಲ್ಲ. ಬರೆದಿಟ್ಟಾಗ ಗೊತ್ತಾಯಿತು, ಅವನು ಬಿಡುತ್ತಿದ್ದದ್ದು ಸಾರಿನ ಮೀನನ್ನು ಮಾತ್ರ. ನೆರೆಮನೆಯಲ್ಲಿ ರವಾ ಫ್ರೈ ಕೊಟ್ಟಾಗ ತಿಂದು ಬಂದಿದ್ದ. ಅವನಿಗೆ ಗರಿಗರಿ ಬೇಕಿತ್ತು, ಅಷ್ಟೇ.

ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹಿಂಜರಿಯುವುದು ಸಹಜ. ಒಂದು ಪದಾರ್ಥ ರೂಢಿಯಾಗಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಅದು ಕಣ್ಣಿಗೆ ಬೀಳಬೇಕು, ಮೂಗಿಗೆ ಪರಿಚಯವಾಗಬೇಕು. ನಾವು ಮೂರನೆಯ ಸಲಕ್ಕೇ "ಇವಳಿಗೆ ಬದನೆ ಆಗುವುದಿಲ್ಲ" ಎಂದು ಷರಾ ಬರೆದುಬಿಡುತ್ತೇವೆ. ಅದನ್ನು ಮಗುವಿನ ಎದುರು ಹೇಳುವುದಂತೂ ಬೇಡವೇ ಬೇಡ. ಹೇಳಿದ ಮೇಲೆ ಮಗು ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಮೀನು ತರುವುದು

ತಕರಾರಿನ ಮನೆಗೆ ಮೀನು ಆರಿಸುವಾಗ ರುಚಿಗಿಂತ ಮೊದಲು ಮುಳ್ಳು ನೋಡಿ. ನಾವು ಊರಲ್ಲಿ ಅಂಜಲ್ ಎನ್ನುವ ಮೀನನ್ನು ಇಲ್ಲಿ ಸುರಮೈ ಎನ್ನುತ್ತಾರೆ. ನಡುವಿನ ದಪ್ಪ ಮುಳ್ಳು ಬಿಟ್ಟರೆ ತುಂಡಿನಲ್ಲಿ ಸಣ್ಣ ಮುಳ್ಳಿನ ಕಾಟ ಕಡಿಮೆ, ಹೊಸಬರಿಗೆ ಇದೇ ಸಲೀಸು. ರಾವಸ್ ದೊಡ್ಡ ದೊಡ್ಡ ಪದರವಾಗಿ ಬಿಟ್ಟುಕೊಳ್ಳುತ್ತದೆ. ಮಾಂಜಿ, ಅಂದರೆ ಪಾಪ್ಲೆಟ್, ಎಲ್ಲರಿಗೂ ಹಿಡಿಸುತ್ತದೆ, ಆದರೆ ದುಬಾರಿ. ಕಾಣೆಗೆ ಗೋವಾ, ಮಾಲ್ವಣದ ಕಡೆ ಮುಡ್ದೋಶಿ ಎನ್ನುತ್ತಾರೆ. ಅದರ ನಡುಮುಳ್ಳು ಇಡಿಯಾಗಿ ಎದ್ದು ಬರುವುದರಿಂದ ಮಕ್ಕಳಿಗೆ ನಾನು ಹೆಚ್ಚು ನೆಚ್ಚಿಕೊಂಡದ್ದು ಇದನ್ನೇ. ಬಂಗುಡೆ (ಬಾಂಗಡಾ) ಎರಡನೆಯ ಹಂತಕ್ಕೆ ಇರಲಿ. ಬೂತಾಯಿ (ತಾರ್ಲಿ), ಮಾಂದೇಲಿ ದೊಡ್ಡವರ ತಟ್ಟೆಗೆ. ಸಿಗಡಿ ಇಲ್ಲಿಯ ಕೋಲಂಬಿ; ಮುಳ್ಳಿಲ್ಲ ನಿಜ, ಆದರೆ ಕೆಲವರಿಗೆ ಅಲರ್ಜಿ ತರುತ್ತದೆ, ಮೊದಲ ಸಲ ಕೊಡುವಾಗ ಒಂದೇ ಒಂದು ಕೊಟ್ಟು ನೋಡಿ.

ಒಂದೇ ಮೀನಿಗೆ ಅಂಟಿಕೊಳ್ಳಬೇಡಿ. ಸುರಮೈಯಂಥ ದೊಡ್ಡ ಬೇಟೆಗಾರ ಮೀನಿನಲ್ಲಿ ಸಣ್ಣ ಮೀನಿಗಿಂತ ಪಾದರಸದ ಅಂಶ ಹೆಚ್ಚಿರುತ್ತದೆ. ಚಿಕ್ಕ ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ ವಾರವಿಡೀ ಅದನ್ನೇ ತರದೆ ಕಾಣೆ, ಬಂಗುಡೆಯನ್ನೂ ಸೇರಿಸಿಕೊಳ್ಳಿ.

ಮಾರ್ಕೆಟಿನಲ್ಲಿ ಮೀನು ಮಾರುವ ಕೋಳಿ ಸಮುದಾಯದ (ಇಲ್ಲಿಯ ಮೀನುಗಾರರು) ಹೆಂಗಸರನ್ನು "ಮಾವ್ಶಿ", ಅಂದರೆ ಚಿಕ್ಕಮ್ಮ, ಎಂದು ಮಾತಾಡಿಸಿ. ಖಾಯಂ ಒಬ್ಬರ ಹತ್ತಿರವೇ ಕೊಂಡರೆ ಯಾವುದು ಇವತ್ತಿನದು, ಯಾವುದು ನಿನ್ನೆಯದು ಎಂದು ಅವರೇ ಹೇಳುತ್ತಾರೆ. ಆದರೂ ನಿಮ್ಮ ಕೈಯಿಂದ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು, ಕಂದು ತಿರುಗಿರಬಾರದು. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಿನಿಂದ ಒತ್ತಿದ ಗುಳಿ ಹಿಂದಕ್ಕೆ ಏಳಬೇಕು. ಮೂಗಿಗೆ ಸಮುದ್ರದ ವಾಸನೆ ಬರಲಿ, ಘಾಟು ಬಂದರೆ ಮುಂದಿನ ಬುಟ್ಟಿಗೆ ಹೋಗಿ.

ಇಲ್ಲಿ ನನ್ನ ಮನೆಯಲ್ಲೇ ಆದ ಒಂದು ಸಂಗತಿ ಹೇಳಬೇಕು. ಒಂದು ಮೇ ತಿಂಗಳ ಭಾನುವಾರ ದಾದರಿನಲ್ಲಿ ಬಂಗುಡೆ ಕೊಂಡೆವು, ಒಳ್ಳೆಯ ತಾಜಾ ಮೀನು. ಅಲ್ಲಿಂದ ಮಾಟುಂಗಾದಲ್ಲಿ ನೆಂಟರ ಮನೆ, ಮಾತುಕತೆ, ಆಮೇಲೆ ಟ್ರೇನು. ಐಸ್ ಇಲ್ಲದೆ ಚೀಲದಲ್ಲಿ ಮೂರು ಗಂಟೆ ಕಳೆಯಿತು. ಮಧ್ಯಾಹ್ನ ಉಂಡ ಅರ್ಧ ಗಂಟೆಯೊಳಗೆ ಯಜಮಾನರ ಮುಖ, ಕುತ್ತಿಗೆ ಕೆಂಪಾಗಿ ಮೈಯೆಲ್ಲ ತುರಿಕೆ, ತಲೆನೋವು. ಮೀನಿನ ಅಲರ್ಜಿ ಎಂದುಕೊಂಡು ಓಡಿದೆವು. ಡಾಕ್ಟರು ಬಿಡಿಸಿ ಹೇಳಿದರು: ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನು ಬೆಚ್ಚಗಿನ ಜಾಗದಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳಿಂದ ಅದರಲ್ಲಿ ಹಿಸ್ಟಮಿನ್ ಹೆಚ್ಚಾಗುತ್ತದೆ. ಎಷ್ಟು ಕುದಿಸಿದರೂ, ಕರಿದರೂ ಅದು ನಾಶವಾಗುವುದಿಲ್ಲ. ಅಂದಿನಿಂದ ನಮ್ಮ ಮೀನಿನ ಚೀಲದ ಒಳಗೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯ ಸುತ್ತ ಐಸ್. ಮಾವ್ಶಿಯ ಹತ್ತಿರ ಕೇಳಿದರೆ ಒಂದು ಹಿಡಿ ಐಸ್ ಕೊಟ್ಟೇ ಕೊಡುತ್ತಾರೆ. ಮೀನು ಕೊಂಡ ಮೇಲೆ ಬೇರೆಲ್ಲೂ ಹೋಗದೆ ನೇರ ಮನೆಗೆ ಬನ್ನಿ.

ತೊಳೆಯುವುದು, ವಾಸನೆ ಕಳೆಯುವುದು

ಮೀನಿನ ವಾಸನೆ ಬಹುಪಾಲು ಟ್ರೈಮಿಥೈಲಮೀನ್ ಎಂಬ ಕ್ಷಾರಗುಣದ ವಸ್ತುವಿನದ್ದು. ಹುಳಿ ತಾಗಿದರೆ ಅದು ತಗ್ಗುತ್ತದೆ. ನಮ್ಮ ಅಜ್ಜಿಯಂದಿರು ಮೀನಿಗೆ ಹುಣಸೆ, ಪುನರ್ಪುಳಿ, ಬಿಂಬಲ ಇಲ್ಲದೆ ಕೈ ಹಾಕದಿದ್ದದ್ದು ರುಚಿಗೆ ಮಾತ್ರ ಅಲ್ಲ. ತುಂಡುಗಳನ್ನು ತಣ್ಣೀರಿನಲ್ಲಿ ತೊಳೆದು, ನಡುಮುಳ್ಳಿಗೆ ಅಂಟಿದ ಕಪ್ಪು ರಕ್ತವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯಿರಿ. ಅರ್ಧ ವಾಸನೆ ಇರುವುದು ಅಲ್ಲೇ. ಆಮೇಲೆ ಉಪ್ಪು, ಅರಸಿನ, ಒಂದು ನಿಂಬೆಯ ರಸ ಸವರಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತೊಳೆಯಿರಿ. ಹೆಚ್ಚು ಹೊತ್ತು ನಿಂಬೆಯಲ್ಲಿ ಬಿಟ್ಟರೆ ಮೀನು ಬೆಳ್ಳಗಾಗಿ ಪುಡಿಯಾಗುತ್ತದೆ.

ಎಲ್ಲರಿಗೂ ಒಂದೇ ಮಸಾಲೆ

ಐದು ಜನಕ್ಕೆ ಅಳತೆ ಹೇಳುತ್ತೇನೆ. ಬ್ಯಾಡಗಿ ಮೆಣಸು ಹನ್ನೆರಡು, ಬೀಜ ಉದುರಿಸಿದ್ದು. ಕೊತ್ತಂಬರಿ ಮೂರು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಮೆಂತೆ ಕಾಲು ಚಮಚ, ಕಾಳುಮೆಣಸು ಎಂಟು ಹತ್ತು, ಅರಸಿನ ಅರ್ಧ ಚಮಚ, ನಿಂಬೆ ಗಾತ್ರದ ಹುಣಸೆಹುಳಿ, ಎರಡು ಕಪ್ ತೆಂಗಿನ ತುರಿ. ಬ್ಯಾಡಗಿ ಬಣ್ಣ ಹೆಚ್ಚು, ಖಾರ ಕಡಿಮೆ. ಮಕ್ಕಳಿರುವ ಮನೆಗೆ ಇದರ ಬದಲು ಬೇರೆ ಮೆಣಸು ಹಾಕಬೇಡಿ.

ಈರುಳ್ಳಿ, ಬೆಳ್ಳುಳ್ಳಿ ಈ ಪಟ್ಟಿಯಲ್ಲಿಲ್ಲ, ಗಮನಿಸಿ. ಇಡೀ ಪದ್ಧತಿ ನಿಂತಿರುವುದೇ ಅದರ ಮೇಲೆ. ಅವನ್ನು ರುಬ್ಬುವಾಗಲೇ ಹಾಕಿದರೆ ಅತ್ತೆಯ ಪಾತ್ರೆ ಕೆಟ್ಟಿತು. ಬೇಕಾದವರ ಪಾತ್ರೆಗೆ ಆಮೇಲೆ ಹೆಚ್ಚಿ ಹಾಕಿದರಾಯಿತು.

ಮೆಣಸು, ಕೊತ್ತಂಬರಿ, ಮೆಂತೆ, ಕಾಳುಮೆಣಸನ್ನು ನಾಲ್ಕು ಹನಿ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಿರಿ. ಮೆಂತೆ ಕೆಂಪಗಾದ ಕೂಡಲೇ ಇಳಿಸಿ, ಕಪ್ಪಾದರೆ ಕಹಿ. ಕೊನೆಗೆ ಬಿಸಿ ಬಾಣಲೆಗೇ ಜೀರಿಗೆ ಹಾಕಿ. ಆರಿದ ಮೇಲೆ ಕಾಯಿ, ಅರಸಿನ, ಹುಳಿ ಸೇರಿಸಿ ನುಣ್ಣಗೆ ರುಬ್ಬಿ. ನುಣ್ಣಗೆ ಎಂದರೆ ಎರಡು ಬೆರಳ ನಡುವೆ ತಿಕ್ಕಿದಾಗ ತರಿ ಸಿಗಬಾರದು. ಮಕ್ಕಳು "ಏನೋ ಸಿಕ್ಕಿತು" ಎಂದು ಉಗುಳುವುದು ಬಹಳ ಸಲ ಈ ತರಿಯನ್ನೇ. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ, ತಣ್ಣೀರು ಹಾಕಿ ಮತ್ತೆ ತಿರುಗಿಸಿ.

ಅರೆದದ್ದನ್ನು ಎರಡು ಪಾಲು ಮಾಡಿ. ಮೊದಲ ಪಾಲು ತರಕಾರಿಯ ಪಾತ್ರೆಗೆ. ಮೀನು ಫ್ರಿಜ್ಜಿನಿಂದ ಹೊರಗೆ ಬರುವ ಮೊದಲೇ ಆ ಪಾತ್ರೆ ಕುದಿದು, ಮುಚ್ಚಿ, ಬದಿಗೆ ಸರಿದಿರಬೇಕು. ಸೌಟು, ಚಾಕು, ಮಣೆ ಎಲ್ಲ ಬೇರೆ. ನಮ್ಮಲ್ಲಿ ಅತ್ತೆಯ ಸೌಟಿಗೆ ಒಂದು ಕೆಂಪು ದಾರ ಕಟ್ಟಿದೆ. ಮಕ್ಕಳೂ ಅದನ್ನು ಮೀನಿಗೆ ಹಾಕುವುದಿಲ್ಲ.

ತರಕಾರಿಯ ಪಾತ್ರೆಗೆ ನಾನು ಹೆಚ್ಚಾಗಿ ಹಾಕುವುದು ಅಲಸಂದೆ ಕಾಳು (ಇಲ್ಲಿ ಚವಳಿ) ಮತ್ತು ಸುವರ್ಣಗೆಡ್ಡೆ (ಸುರಣ). ಕಾಳನ್ನು ಹಿಂದಿನ ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿಡಿ. ಸುವರ್ಣಗೆಡ್ಡೆ ತುರಿಸುತ್ತದೆ, ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಬೇಯಿಸುವಾಗ ಹುಣಸೆ ನೀರು ಹಾಕಿ. ಎರಡೂ ಸೇರಿ ಕುದಿದರೆ ಮೀನಿನ ಪದಾರ್ಥದಷ್ಟೇ ಮಂದ, ಅಷ್ಟೇ ಗಟ್ಟಿ ರುಚಿ. ಬಸಳೆ ಬೇಕಿದ್ದರೆ ತರಕಾರಿಯವರ ಹತ್ತಿರ ಮಾಯಾಳು ಎಂದು ಕೇಳಿ. ಮಂಗಳೂರು ಸೌತೆ, ಕುಚ್ಚಲಕ್ಕಿ ಮಾಟುಂಗಾದ ಅಂಗಡಿಗಳಲ್ಲಿ ಸಿಗುತ್ತವೆ, ತಿಂಗಳಿಗೊಮ್ಮೆ ಹೋದಾಗ ತಂದಿಟ್ಟುಕೊಳ್ಳುತ್ತೇನೆ.

ಒಗ್ಗರಣೆಯನ್ನು ಪಾತ್ರೆಗೆ ಸುರಿಯಬೇಡಿ. ಮಕ್ಕಳ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಸಾಸಿವೆ, ಕರಿಬೇವು ಹಾಕಿ. ನನ್ನ ಮಗನ ಸಾಸಿವೆ ಜಗಳ ಹೀಗೇ ಮುಗಿಯಿತು. ಮಕ್ಕಳ ಪಾಲಿಗೆ ಎರಡು ಚಮಚ ಕಾಯಿಹಾಲು ಬೆರೆಸಿದರೆ ಖಾರವೂ ತಗ್ಗುತ್ತದೆ.

ಇನ್ನು ಮೀನಿನ ಪಾತ್ರೆ. ಮಣ್ಣಿನ ಗಡಿಗೆಯಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಗಲ ಬಾಯಿಯ ಪಾತ್ರೆ. ಎರಡನೇ ಪಾಲು ಮಸಾಲೆಗೆ ನೀರು, ಉಪ್ಪು, ಹೆಚ್ಚಿದ ಸಣ್ಣ ಈರುಳ್ಳಿ ಒಂದು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು ಎರಡು ಹಾಕಿ ಎಂಟು ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಹಸಿ ವಾಸನೆ ಹೋಗಿ ಮೇಲೆ ಎಣ್ಣೆಯ ಕೆಂಪು ತೇಲಿದಾಗ ಮೀನಿನ ತುಂಡುಗಳನ್ನು ಒಂದೊಂದಾಗಿ ಜಾರಿಸಿ. ಇಲ್ಲಿಂದ ಸೌಟು ಹಾಕಬೇಡಿ. ಪಾತ್ರೆಯ ಎರಡು ಕಿವಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಾಕು. ಐದಾರು ನಿಮಿಷ, ದಪ್ಪ ತುಂಡಾದರೆ ಎಂಟು. ಮಾಂಸ ಗಾಜಿನಂಥ ಹೊಳಪು ಕಳೆದು ಬೆಳ್ಳಗಾಗಿ ಮುಳ್ಳಿನಿಂದ ಬಿಟ್ಟುಕೊಂಡರೆ ಆಯಿತು. ಅದಕ್ಕಿಂತ ಹೆಚ್ಚು ಬೇಯಿಸಿದ ಮೀನು ಒಣಕಲಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಗರಿಗರಿಯ ಪಂಗಡಕ್ಕೆ ರವಾ ಫ್ರೈ

ಇದರಲ್ಲೂ ಲೇಪ ಒಂದೇ. ಎರಡು ದೊಡ್ಡ ಚಮಚ ಬ್ಯಾಡಗಿ ಮೆಣಸಿನ ಹುಡಿ, ಅರ್ಧ ಚಮಚ ಅರಸಿನ, ಒಂದು ಚಮಚ ಅಕ್ಕಿ ಹಿಟ್ಟು, ಉಪ್ಪು, ಗಟ್ಟಿ ಹುಣಸೆ ರಸ. ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಸುವರ್ಣಗೆಡ್ಡೆಯ ಬಿಲ್ಲೆಯನ್ನು ಹುಳಿನೀರಿನಲ್ಲಿ ಅರೆಬೇಯಿಸಿ, ಬದನೆ, ಬಾಳೆಕಾಯಿಯ ಬಿಲ್ಲೆಯನ್ನು ಹಸಿಯಾಗಿಯೇ ಇದರಲ್ಲಿ ಹೊರಳಿಸಿ. ಜೀಗುಜ್ಜೆ (ನೀರ್ಫಣಸ) ಸಿಕ್ಕ ದಿನ ಬಿಡಬೇಡಿ, ಅದರ ಫ್ರೈ ಮುಂದೆ ಮೀನು ತಿನ್ನುವವರೂ ಕೈ ಚಾಚುತ್ತಾರೆ. ಆಮೇಲೆ ಉಳಿದ ಲೇಪಕ್ಕೆ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಸೇರಿಸಿ ಮೀನಿಗೆ ಹಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ತವಾ ಚೆನ್ನಾಗಿ ಕಾಯಲಿ, ಎಣ್ಣೆ ಹಾಕಿ ಉರಿಯನ್ನು ಮಧ್ಯಮಕ್ಕೆ ತನ್ನಿ. ತುಂಡನ್ನು ಸಣ್ಣ ರವೆಯಲ್ಲಿ ಒತ್ತಿ, ಹೆಚ್ಚಿನದನ್ನು ಕೊಡವಿ, ಎಣ್ಣೆಯಲ್ಲಿ ಬಿಡಿ. ಇನ್ನು ಕೈ ಕಟ್ಟಿ ನಿಲ್ಲಬೇಕು. ಮೊದಲು ಚುರ್ರೆಂದು ಜೋರಾಗಿ ಸದ್ದು, ಆಮೇಲೆ ಸದ್ದು ಸಣ್ಣಗಾಗುತ್ತದೆ, ಅಂಚಿನ ರವೆ ಬಿಳಿಯಿಂದ ಹೊನ್ನು, ಹೊನ್ನಿನಿಂದ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ಆಗ ಸಟ್ಟುಗದ ತುದಿಯಿಂದ ಮುಟ್ಟಿ ನೋಡಿ. ಮೀನು ತಾನಾಗಿ ಜಾರಿದರೆ ತಿರುವಿ ಹಾಕಿ, ಅಂಟಿಕೊಂಡಿದ್ದರೆ ಇನ್ನೊಂದು ನಿಮಿಷ ಬಿಡಿ. ಒಂದೊಂದು ಬದಿಗೆ ಮೂರರಿಂದ ನಾಲ್ಕು ನಿಮಿಷ. ತರಕಾರಿಗೆ ಬೇರೆ ತವಾ ಇರಲಿ, ಅದನ್ನೇ ಮೊದಲು ಮುಗಿಸಿ.

ತಟ್ಟೆಯ ಮುಂದೆ

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಊಟದ ಜವಾಬ್ದಾರಿಯನ್ನು ಹಂಚಿಕೊಟ್ಟ ರೀತಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರದು, ತಿನ್ನಬೇಕೋ ಬೇಡವೋ, ಎಷ್ಟು ಎನ್ನುವುದು ಮಗುವಿನದು. ನಮ್ಮಲ್ಲಿ ತುತ್ತು ಕಟ್ಟಿ ಬಾಯಿಗೆ ತುರುಕುವುದೇ ಪ್ರೀತಿ ಎಂದು ಬೆಳೆದವರಿಗೆ ಇದು ಕಷ್ಟ. ನನಗೂ ಕಷ್ಟವಾಯಿತು. ಆದರೆ ಗದರಿಸಿ ತಿನ್ನಿಸಿದ ತೊಂಡೆಕಾಯಿಯನ್ನು ಮಗಳು ಒಂದು ವರ್ಷ ಮುಟ್ಟಲಿಲ್ಲ, ಸುಮ್ಮನೆ ತಟ್ಟೆಯ ಮೂಲೆಯಲ್ಲಿಟ್ಟ ಸುವರ್ಣಗೆಡ್ಡೆಯನ್ನು ಒಂದು ದಿನ ತಾನೇ ಎತ್ತಿ ಕಚ್ಚಿದಳು.

ಹಾಗಾಗಿ ಪ್ರತಿ ಊಟದಲ್ಲೂ ಅವರಿಗೆ ಖಂಡಿತ ಸೇರುವ ಒಂದು ಪದಾರ್ಥ ಇರಲಿ: ಬಿಳಿ ಅನ್ನ, ತೊವ್ವೆ, ಮೊಸರು, ಯಾವುದಾದರೂ. ಹೊಸದನ್ನು ಹೆಬ್ಬೆರಳ ಉಗುರಿನಷ್ಟೇ ಬಡಿಸಿ. ಒಂದಕ್ಕೊಂದು ತಾಗಬಾರದೆನ್ನುವ ಮಗುವಿಗೆ ಖಾನೆಗಳಿರುವ ತಟ್ಟೆ ಕೊಡಿ, ಅದರಲ್ಲಿ ವಾದವೇನಿಲ್ಲ. ತಿನ್ನಲಿಲ್ಲ ಎಂದು ಎದ್ದು ಹೋಗಿ ಮ್ಯಾಗಿ ಮಾಡಿಕೊಡಬೇಡಿ.

ಮುಳ್ಳಿನ ಹೆದರಿಕೆ ಹೋಗಿಸಲು ಬಿಡಿಸುವುದನ್ನು ಕಲಿಸಿ. ನಾನು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುರಿದ ಬಂಗುಡೆಯ ಬೆನ್ನಿನ ಗೆರೆಯ ಮೇಲೆ ಅವನ ಹೆಬ್ಬೆರಳಿಟ್ಟು ತಲೆಯಿಂದ ಬಾಲದ ಕಡೆಗೆ ಒತ್ತಿಸಿದೆ. ಮೇಲಿನ ಮಾಂಸ ಒಂದೇ ಪಟ್ಟಿಯಾಗಿ ಎದ್ದಿತು. ಬಾಲ ಹಿಡಿದು ಮೇಲಕ್ಕೆಳೆದಾಗ ನಡುಮುಳ್ಳು ಬಾಚಣಿಗೆಯ ಹಾಗೆ ಪೂರ್ತಿ ಕೈಗೆ ಬಂತು. ಹೊಟ್ಟೆಯ ಕಡೆಯ ಸಣ್ಣ ಮುಳ್ಳುಗಳನ್ನು ಬೇರೆ ಸರಿಸಿದೆವು. ಅವನು ಆ ಮುಳ್ಳನ್ನು ತೊಳೆದು ಅಜ್ಜಿಗೆ ತೋರಿಸಲು ಓಡಿದ. ಅಜ್ಜಿ ದೂರದಿಂದಲೇ ನೋಡಿ ನಕ್ಕರು. ಈಗ ತಂಗಿಯ ಪಾಲಿನ ಮುಳ್ಳು ತೆಗೆಯುವವನು ಅವನೇ. ಆದರೂ ಐದು ವರ್ಷದೊಳಗಿನ ಮಕ್ಕಳಿಗೆ ಪ್ರತಿ ತುತ್ತನ್ನೂ ನೀವೇ ಬೆರಳಿನಿಂದ ಹಿಸುಕಿ ನೋಡಿ ಕೊಡಬೇಕು.

ಮೀನಿಲ್ಲದ ತಿಂಗಳುಗಳು

ಮೀನುಗಳ ಸಂತಾನಕಾಲ, ಮಳೆಗಾಲದ ಕಡಲು ಎಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ತಡೆಯಿರುತ್ತದೆ. ಆಮೇಲೆ ಶ್ರಾವಣ. ಕೋಳಿ ಸಮುದಾಯದವರು ನಾರಳಿ ಪೌರ್ಣಿಮೆಗೆ (ಶ್ರಾವಣದ ಹುಣ್ಣಿಮೆ) ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಹೊಸ ಋತುವನ್ನು ಶುರುಮಾಡುತ್ತಾರೆ. ತಡೆಯ ಕಾಲದಲ್ಲಿ ಬರುವ ಸುರಮೈ, ಪಾಪ್ಲೆಟ್ ಬಹಳಷ್ಟು ಶೈತ್ಯಾಗಾರದ್ದು, ಬೆಲೆಯೂ ಏರಿರುತ್ತದೆ. ನಾನು ಆ ದಿನಗಳನ್ನು ಸಸ್ಯಾಹಾರಕ್ಕೇ ಬಿಡುತ್ತೇನೆ, ಅತ್ತೆಗೂ ಎಲ್ಲರ ಜೊತೆ ಒಂದೇ ಪಾತ್ರೆಯಿಂದ ಬಡಿಸುವ ಕಾಲ ಅದು. ಮಳೆ ಬಿದ್ದರೆ ಕೆಸುವಿನ ಎಲೆ (ಅಳೂ) ರಾಶಿ ಬರುತ್ತದೆ. ಮೇಲೆ ಹೇಳಿದ ಮಸಾಲೆಯನ್ನೇ ನೆನೆಸಿದ ಅಕ್ಕಿಯ ಜೊತೆ ಸ್ವಲ್ಪ ತರಿಯಾಗಿ ರುಬ್ಬಿ, ಹುಳಿ ಹೆಚ್ಚು ಹಾಕಿ, ಎಲೆಗೆ ಸವರಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಆರಿದ ಮೇಲೆ ಬಿಲ್ಲೆ ಕೊಯ್ದು ತವಾದಲ್ಲಿ ಕೆಂಪಗೆ ಹುರಿದು ಕೊಟ್ಟರೆ ಗರಿಗರಿಯ ಪಂಗಡವೂ ಸಮಾಧಾನ.

ಉಳಿದದ್ದು, ತೊಳೆಯುವುದು

ಮೀನಿನ ಪದಾರ್ಥ ಮರುದಿನ ಹೆಚ್ಚು ರುಚಿ, ಆದರೆ ಮುಂಬಯಿಯ ಸೆಕೆಯಲ್ಲಿ ಒಲೆಯ ಮೇಲೆ ಬಿಡಬೇಡಿ. ಉಂಡ ಎರಡು ಗಂಟೆಯೊಳಗೆ ಫ್ರಿಜ್ಜಿಗೆ, 4 ಡಿಗ್ರಿಯೊಳಗೆ, ಮರುದಿನ ಬೇಕಾದಷ್ಟನ್ನೇ ತೆಗೆದು ಕುದಿಸಿ. ಮಕ್ಕಳ ಡಬ್ಬಿಗೆ ಮೀನು ಕಟ್ಟಬೇಡಿ. ಮೀನು ಸೋಕದ ಮಸಾಲೆ ಉಳಿದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಆರು ಬಿಲ್ಲೆಗೆ ಒಂದು ಹೊತ್ತಿನ ಪದಾರ್ಥ, ವಾರದ ನಡುವೆ ಟ್ರೇನು ತಡವಾದ ದಿನ ಕೈ ಹಿಡಿಯುತ್ತದೆ.

ಮೀನಿನ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ವಾಸನೆ ಎದ್ದು ಮನೆಯೆಲ್ಲ ಹರಡುತ್ತದೆ. ಆಮೇಲೆ ರಸ ತೆಗೆದ ಹುಣಸೆಯ ಸಿಪ್ಪೆಗೆ ಒಂದು ಚಮಚ ಕಡಲೆ ಹಿಟ್ಟು ಸೇರಿಸಿ ಉಜ್ಜಿ, ಸೋಪು ಕೊನೆಗೆ. ಹಿಂಡಿದ ನಿಂಬೆಯ ಹೋಳುಗಳನ್ನು ಒಂದು ಪಾತ್ರೆ ನೀರಿನಲ್ಲಿ ಹತ್ತು ನಿಮಿಷ ಕುದಿಯಲು ಬಿಟ್ಟು ಕಿಟಕಿ ತೆರೆಯಿರಿ. ಅತ್ತೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆ ಶುದ್ಧವಾಗಿರುತ್ತದೆ.